ವಿಷಯ ಆರಿಸುವ ಮೊದಲು ಮಕ್ಕಳಿಗೆ ಅಳಿವೆಯನ್ನು ತೋರಿಸಿ: ಉತ್ತರ ಕನ್ನಡದ ಪದವಿ ಕಾಲೇಜುಗಳಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ, ಪ್ರವೇಶ ಸಮಿತಿಯ ಸದಸ್ಯರಿಗೆ ಮತ್ತು ಜೀವವಿಜ್ಞಾನ ವಿಭಾಗಗಳ ಅಧ್ಯಾಪಕರಿಗೆ,

ಮಾನ್ಯರೇ,

ನಾನು ಕುಮಟಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನನ್ನಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳು ಎರಡು ವರ್ಷದ ನಂತರ ಮತ್ತೆ ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಪಿಯುಸಿ ಫಲಿತಾಂಶ ಬಂದಿರುತ್ತದೆ. ಕೆಲವರದು ನೀಟ್ ಪರೀಕ್ಷೆಯೂ ಮುಗಿದಿರುತ್ತದೆ, ಸೀಟು ಸಿಗುವುದಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತದೆ. "ಅಕ್ಕೋರೇ, ಬಿಎಸ್ಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಲಿ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಡಬಲ್ಲವರು ನೀವು. ಆದರೆ ಅವರು ನಿಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅರ್ಜಿಯಲ್ಲಿ ವಿಷಯ ತುಂಬಿ ಆಗಿರುತ್ತದೆ. ಅದಕ್ಕೇ ಈ ಪತ್ರ. ತಂದೆತಾಯಿಯರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ಜೂನ್ ತಿಂಗಳ ಒಂದು ಸಂಜೆ ಬಸ್ ನಿಲ್ದಾಣದ ಎದುರಿನ ಸೈಬರ್ ಅಂಗಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ನಿಂತಿದ್ದೆ. ಹೊರಗೆ ಧಾರಾಕಾರ ಮಳೆ. ಅವಳ ಅಪ್ಪ ಯಾಂತ್ರಿಕ ದೋಣಿಯಲ್ಲಿ ದುಡಿಯುವವರು. ಜೂನ್ 1ರಿಂದ 61 ದಿನ ಆ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮಗಳ ಜೊತೆ ಬರಲು ಅವರಿಗೆ ಬಿಡುವಿತ್ತು. ನಮ್ಮ ಮುಂದೆ ಆರೇಳು ಮಂದಿ, ಹಿಂದೆ ಅಷ್ಟೇ ಮಂದಿ. ಸರದಿ ಬಂದಾಗ ಅಂಗಡಿಯ ಹುಡುಗ ಪದವಿ ಪ್ರವೇಶದ ಸರ್ಕಾರಿ ಜಾಲತಾಣವಾದ ಯುಯುಸಿಎಂಎಸ್ ಪುಟ ತೆರೆದು, ಹೆಸರು, ಆಧಾರ್, ಜಾತಿ ಪ್ರಮಾಣಪತ್ರ ಎಲ್ಲ ತುಂಬಿ, "ವಿಷಯ ಯಾವುದು ಹೇಳಿ" ಎಂದ. ಪರದೆಯ ಮೇಲೆ ಸಾಲಾಗಿ ವಿಷಯಗಳ ಜೋಡಣೆಗಳು ಬಂದವು. ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ, "ಯಾವುದಕ್ಕೆ ಕೆಲಸ ಬೇಗ ಸಿಗುತ್ತದೋ ಅದನ್ನು ಹಾಕಿ" ಎಂದರು. "ನಿನ್ನೆಯಿಂದ ಬಂದವರಲ್ಲಿ ಹೆಚ್ಚಿನವರು ಮೈಕ್ರೋಬಯಾಲಜಿ ಹಾಕಿಸಿದ್ದಾರೆ" ಎಂದ ಅಂಗಡಿಯ ಹುಡುಗ. ಅವನು ಸಹಾಯ ಮಾಡಲೆಂದೇ ಹೇಳಿದ್ದು, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. "ಹಾಗಾದರೆ ಅದೇ ಇರಲಿ" ಎಂದಳು ಇವಳು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಲ್ಲ. ಪಕ್ಕದಲ್ಲೇ ಇದ್ದ ನಾನು ತಡೆಯಬಹುದಿತ್ತು. ಹಿಂದೆ ನಿಂತವರ ಅವಸರ, ಕೊನೆಯ ಬಸ್ಸಿನ ಚಿಂತೆ, ಸುಮ್ಮನಿದ್ದೆ. ಆ ತಪ್ಪು ನನ್ನದೂ ಹೌದು.

ಆ ಹುಡುಗಿ ಎಂಟನೆಯ ತರಗತಿಯಲ್ಲಿದ್ದಾಗಲೇ ಅಪ್ಪ ತಂದ ಮೀನಿನ ಕಿವಿರು ಬಿಡಿಸಿ ನೋಡುತ್ತಿದ್ದವಳು. ಬಂಗಡೆಯ ಹೊಟ್ಟೆಯಲ್ಲಿ ಮೊಟ್ಟೆ ಯಾವ ತಿಂಗಳಿಂದ ಕಾಣಿಸುತ್ತದೆ ಎಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಳು. ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧ ಏಕೆಂದು ಅಪ್ಪನಿಗೂ ಗೊತ್ತು, ಅವಳಿಗೂ ಗೊತ್ತು: ಎಷ್ಟೋ ಜಾತಿಯ ಮೀನು ಮೊಟ್ಟೆಯಿಡುವ ಕಾಲ ಅದು. ಆದರೆ ಆ ಕಾಲವನ್ನು ಲೆಕ್ಕ ಹಾಕಿ ಸರ್ಕಾರಕ್ಕೆ ಹೇಳುವುದೇ ಒಂದು ವಿದ್ಯೆ, ಆ ವಿದ್ಯೆಯ ಮೊದಲ ಮೆಟ್ಟಿಲು ಪ್ರಾಣಿಶಾಸ್ತ್ರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಬಂದು, "ಅಕ್ಕೋರೇ, ಈಗ ಬದಲಾಯಿಸಬಹುದಾ?" ಎಂದು ಕೇಳಿದಳು. ಕಾಲೇಜಿನ ಕಚೇರಿಯಲ್ಲಿ ಅವಧಿ ಮುಗಿದಿದೆ ಎಂದರಂತೆ. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬೇಕು.

ನನ್ನ ಕಥೆಯೂ ಇದಕ್ಕಿಂತ ಬಹಳ ಬೇರೆಯದಲ್ಲ. 2003ರಲ್ಲಿ ನಾನು ಬಿಎಸ್ಸಿ ಸೇರಿದೆ. ಸಿಇಟಿಯಲ್ಲಿ ವೈದ್ಯಕೀಯ ಸೀಟಿಗೆ ಸಾಕಾಗುವ ರ‍್ಯಾಂಕ್ ಬರಲಿಲ್ಲ, ಹತ್ತಿರದ ಕಾಲೇಜಿನಲ್ಲಿ ಇದ್ದದ್ದು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಮೊದಲ ವರ್ಷವೆಲ್ಲ ಸೋತವಳ ಹಾಗೆ ಕುಳಿತು ಪಾಠ ಕೇಳಿದೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ನಮ್ಮನ್ನು ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಕರೆದುಕೊಂಡು ಹೋದರು. ಅದು ನಮ್ಮ ಮನೆಯಿಂದ ಕೂಗಳತೆಯ ಜಾಗ. ನನ್ನ ತಾಯಿ ಇಳಿತದ ಹೊತ್ತಿಗೆ ಅಲ್ಲಿಗೇ ಹೋಗಿ ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆದು ಮಾರಿ ನನ್ನ ಶುಲ್ಕ ಕಟ್ಟುತ್ತಿದ್ದರು. ಸಹಪಾಠಿಗಳ ಜೊತೆ ಅಲ್ಲಿಗೆ ಹೋಗಲು ನನಗೆ ಸ್ವಲ್ಪ ನಾಚಿಕೆಯೂ ಆಗಿತ್ತು.

ಮೇಷ್ಟ್ರು ನನ್ನ ತಾಯಿಯ ಬುಟ್ಟಿಯಿಂದಲೇ ಒಂದು ದೊಡ್ಡ ಬಳಚನ್ನು ಕೇಳಿ ತೆಗೆದುಕೊಂಡರು. ಎರಡು ಚಿಪ್ಪುಗಳ ನಡುವೆ ತೆಳ್ಳಗಿನ ಚಾಕು ತೂರಿಸಿ, ಒಂದು ಕಡೆಯ ಸ್ನಾಯು, ಮತ್ತೊಂದು ಕಡೆಯ ಸ್ನಾಯು ಕತ್ತರಿಸಿದರು. ಚಿಪ್ಪು ತಾನಾಗಿ ಸಡಿಲವಾಯಿತು. ಒಳಗಿನ ತೆಳು ಪದರವನ್ನು ಸರಿಸಿ, ಕೀಲಿನ ಹತ್ತಿರ ಕಡ್ಡಿಯಿಂದ ತೋರಿಸಿ, "ಉಸಿರು ಬಿಗಿ ಹಿಡಿದು ನೋಡಿ" ಎಂದರು. ನೋಡಿದೆವು. ನೀರಿನಷ್ಟು ತಿಳಿಯಾದ ಒಂದು ಚಿಕ್ಕ ಚೀಲ, ನಿಧಾನವಾಗಿ ಹಿಗ್ಗಿ ಕುಗ್ಗುತ್ತಿತ್ತು. ಅದು ಹೃದಯ. ಅದರ ನಡುವಿನಿಂದ ಒಂದು ಕಪ್ಪು ಗೆರೆ ಹಾದುಹೋಗಿತ್ತು. "ಅದು ಕರುಳು. ಈ ಜೀವಿಯಲ್ಲಿ ಹೃದಯ ಕರುಳಿನ ಸುತ್ತ ಸುತ್ತಿಕೊಂಡಿರುತ್ತದೆ" ಎಂದರು ಮೇಷ್ಟ್ರು. ಆಮೇಲೆ ಕಿವಿರಿನ ಸಣ್ಣ ಚೂರನ್ನು ಅಳಿವೆಯ ನೀರಿನ ಹನಿಯಲ್ಲಿಟ್ಟು, ಶಾಲೆಯ ಜಗಲಿಯಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದರು. ದೇಹದಿಂದ ಕತ್ತರಿಸಿ ತೆಗೆದ ಚೂರು ಅದು. ಆದರೂ ಅದರ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಒಂದೇ ಸಮನೆ ಬೀಸುತ್ತಿದ್ದವು, ಗಜನಿಯ ಉಪ್ಪುನೀರ ಗದ್ದೆಯಲ್ಲಿ ಕಗ್ಗ ಭತ್ತದ ಪೈರಿನ ಮೇಲೆ ಗಾಳಿ ಹಾದಂತೆ. ಆ ಬೀಸಿನಿಂದಲೇ ಬಳಚು ನೀರನ್ನು ಒಳಗೆಳೆದು ಸೋಸಿ ತಿನ್ನುತ್ತದೆ, ಅದರಿಂದಲೇ ಉಸಿರಾಡುತ್ತದೆ.

ಎಲ್ಲರೂ ನೋಡಿದ ಮೇಲೆ ಮೇಷ್ಟ್ರು ನನ್ನ ತಾಯಿಯನ್ನು ಕರೆದರು. ಕೈ ಒರೆಸಿಕೊಂಡು ಬಂದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಚಿಪ್ಪಿನಲ್ಲಿ ಇನ್ನೂ ಬಡಿಯುತ್ತಿದ್ದ ಹೃದಯವನ್ನೂ ನೋಡಿದರು. "ಇದಕ್ಕೂ ಎದೆ ಬಡಿತ ಇದೆಯಾ?" ಎಂದು ಕೇಳಿದರು. ಎಷ್ಟೋ ವರ್ಷ ಅದನ್ನೇ ತೆಗೆದು ಸಂಸಾರ ಸಾಕಿದ ಹೆಂಗಸು ಕೇಳಿದ ಆ ಮಾತು ನನ್ನ ಮುಖ್ಯ ವಿಷಯವನ್ನು ನಿರ್ಧರಿಸಿತು. ಅಲ್ಲಿಯವರೆಗೆ ನನ್ನ ಪಾಲಿಗೆ ಪ್ರಾಣಿಶಾಸ್ತ್ರ ಎಂದರೆ ಬಾಯಿಪಾಠ ಮಾಡಬೇಕಾದ ಹೆಸರುಗಳ ಪಟ್ಟಿಯಾಗಿತ್ತು.

ಮಾನ್ಯರೇ, ನಾನು ಕೇಳುತ್ತಿರುವುದು ಇಷ್ಟೇ. ಆ ಮಧ್ಯಾಹ್ನ ನನಗೆ ಎರಡನೆಯ ವರ್ಷದ ಕೊನೆಗೆ, ಅದೂ ಅದೃಷ್ಟದಿಂದ ಸಿಕ್ಕಿತು. ಅದು ಈಗಿನ ಮಕ್ಕಳಿಗೆ ಅರ್ಜಿ ತುಂಬುವ ಮೊದಲೇ ಸಿಗಬೇಕು.

ಹದಿನೆಂಟು ವರ್ಷದ ಮಕ್ಕಳಿಗೆ ವಿಷಯದ ಹೆಸರು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಸೂಕ್ಷ್ಮಜೀವಶಾಸ್ತ್ರ ಎಂದರೆ ಆಸ್ಪತ್ರೆಗೆ ಹತ್ತಿರ, ಜೈವಿಕ ತಂತ್ರಜ್ಞಾನ ಎಂದರೆ ಬೆಂಗಳೂರಿಗೆ ಹತ್ತಿರ, ಸಸ್ಯಶಾಸ್ತ್ರ ಎಂದರೆ ಹಳೆಯ ಕಾಲದ್ದು ಎಂದು ಅವರು ತಿಳಿದಿರುತ್ತಾರೆ. ನನ್ನನ್ನು ಕೇಳಿದ ಮಕ್ಕಳಿಗೆ ನಾನು ಈಗ ಒಂದೇ ಮಾತು ಹೇಳುತ್ತೇನೆ: ಆ ವಿಷಯ ಓದುವವರ ಕೈ ದಿನವಿಡೀ ಏನು ಮಾಡುತ್ತದೆ ಎಂದು ಕೇಳಿಕೊಂಡು ಬಾ. ಸೂಕ್ಷ್ಮಜೀವಶಾಸ್ತ್ರದವರು ಗಾಜಿನ ತಟ್ಟೆಯಲ್ಲಿ ಅಗರ್ ಹಾಕಿ, ತಂತಿಯ ಕುಣಿಕೆಯನ್ನು ಬೆಂಕಿಯಲ್ಲಿ ಕಾಯಿಸಿ ಗೆರೆ ಎಳೆದು, ಮರುದಿನದ ತನಕ ಕಾಯುತ್ತಾರೆ. ಒಂದು ಸಣ್ಣ ಅಜಾಗರೂಕತೆಯಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಅಚ್ಚುಕಟ್ಟುತನ, ತಾಳ್ಮೆ ಇದ್ದವರಿಗೆ ಅದು ಹೇಳಿ ಮಾಡಿಸಿದ ಕೆಲಸ. ಜೀವರಸಾಯನಶಾಸ್ತ್ರಕ್ಕೆ ರಸಾಯನಶಾಸ್ತ್ರದ ಮೇಲೆ ಪ್ರೀತಿ ಇರಲೇಬೇಕು; ಪಿಯುಸಿಯಲ್ಲಿ ಸಾವಯವ ರಸಾಯನ ಕಂಡರೆ ಓಡಿದವರು ಇಲ್ಲಿ ಬಹಳ ಕಷ್ಟಪಡುತ್ತಾರೆ. ಸಸ್ಯಶಾಸ್ತ್ರದವರು ಬ್ಲೇಡಿನಿಂದ ಕಾಂಡದ ತೆಳು ಸೀಳು ತೆಗೆಯುವುದನ್ನು ಕಲಿಯಬೇಕು, ಕಾಡಿನಲ್ಲಿ ಜಿಗಣೆ ಕಚ್ಚಿಸಿಕೊಂಡು ನಡೆಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಈ ವಿಷಯಗಳೆಲ್ಲ ಒಂದೇ ಊರಿಗೆ ಹೋಗುವ ಬೇರೆ ಬೇರೆ ದಾರಿಗಳು ಎಂಬುದನ್ನು ಮಕ್ಕಳಿಗೆ ತೋರಿಸಬೇಕು. ಅಡಿಕೆಯ ಕೊಳೆ ರೋಗವನ್ನೇ ತೆಗೆದುಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಹುಟ್ಟಿದ ಮಗುವಿಗೆ ಮಾತು ಬರುವ ಮೊದಲೇ ಈ ರೋಗದ ಹೆಸರು ಕಿವಿಗೆ ಬಿದ್ದಿರುತ್ತದೆ. ಆಷಾಢದಲ್ಲಿ ಮಳೆ ಒಂದು ಗಳಿಗೆ ಹೊಳವಾದರೆ ಸಾಕು, ಮದ್ದು ಹೊಡೆಯುವವರು ಮರ ಏರುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಬೋರ್ಡೋ ದ್ರಾವಣದ ಲೆಕ್ಕ ಪಿಯುಸಿ ಓದದ ಅಜ್ಜನಿಗೂ ಗೊತ್ತು. ಆ ರೋಗ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ನೀರಿನಲ್ಲಿ ಈಜುವ ಬೀಜಕಗಳನ್ನು ಬಿಡುವ ಬೇರೆಯೇ ವಂಶದ ಜೀವಿ. ಅದಕ್ಕೇ ಅದಕ್ಕೆ ಮಳೆ ಅಷ್ಟು ಪ್ರಿಯ. ಇದನ್ನು ಸೂಕ್ಷ್ಮಜೀವಶಾಸ್ತ್ರದವರು ಹೇಳಬಲ್ಲರು. ತಾಮ್ರ ಅದನ್ನು ಹೇಗೆ ಕೊಲ್ಲುತ್ತದೆ ಎನ್ನುವುದನ್ನು ಜೀವರಸಾಯನಶಾಸ್ತ್ರದವರು ಹೇಳಬೇಕು. ಯಾವ ತಳಿಯ ಅಡಿಕೆ ಅದನ್ನು ತಡೆದುಕೊಳ್ಳುತ್ತದೆ ಎನ್ನುವುದು ಸಸ್ಯಶಾಸ್ತ್ರ, ತಳಿಶಾಸ್ತ್ರದವರ ಪಾಲು. ಸುಮಾರು 1910ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದಲ್ಲಿದ್ದು ಕೊಳೆ ರೋಗವನ್ನು ಅಧ್ಯಯನ ಮಾಡಿದರು. ನೂರು ವರ್ಷ ಕಳೆದರೂ ಕೊಳೆ ಹೋಗಲಿಲ್ಲ, ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟದ ಮನೆಯ ಮಗನೊಬ್ಬನಿಗೆ ತನ್ನ ಅಂಗಳದಲ್ಲೇ ಇಷ್ಟು ದೊಡ್ಡ ಪ್ರಶ್ನೆ ಬಿದ್ದಿದೆ ಎಂದು ತಿಳಿದರೆ ಅವನು ವಿಷಯ ಆರಿಸುವ ರೀತಿಯೇ ಬೇರೆಯಾಗುತ್ತದೆ.

ಸಸ್ಯಶಾಸ್ತ್ರದ ಬಗ್ಗೆ ಇನ್ನೊಂದು ಮಾತು. ಗಿಡಗಳಿಗೆಲ್ಲ ಹೆಸರಿಟ್ಟು ಮುಗಿದಿದೆ, ಇನ್ನೇನು ಉಳಿದಿದೆ ಎಂದು ಕೇಳುವವರಿದ್ದಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ, ಕೆಸರಿನಿಂದ ಮಂಡಿಯಂತೆ ಮೇಲೆದ್ದ ಬೇರುಗಳ ನಡುವೆ ಬೆಳೆಯುವ ಒಂದು ದೊಡ್ಡ ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2000ನೇ ಇಸವಿಯಲ್ಲಿ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಕಾನಿನ ಹೆಸರೇ ಆ ಮರದ ಹೆಸರಿನಲ್ಲಿದೆ. ಅಷ್ಟು ದೊಡ್ಡ ಮರವೇ ಅಷ್ಟು ಕಾಲ ಯಾರ ಲೆಕ್ಕಕ್ಕೂ ಸಿಗದೆ ಉಳಿದಿತ್ತು ಎಂದ ಮೇಲೆ ಹಾವಸೆ, ಅಣಬೆ, ಕಲ್ಲುಹೂವುಗಳ ಕಥೆ ಏನು? ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಈ ಲ್ಯಾಟಿನ್ ಹೆಸರುಗಳಿಗೆ ಹೆದರಿ ಸಸ್ಯಶಾಸ್ತ್ರ ಬಿಡುತ್ತಾರೆ. ಆ ಹೆಸರಿನೊಳಗೆ ಕತ್ತಲೆಕಾನು ಇದೆ ಎಂದು ಒಮ್ಮೆ ತೋರಿಸಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ನನ್ನ ತರಗತಿಯಲ್ಲಿ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಮಂಗನ ಕಾಯಿಲೆಯ ವಿಷಯ ಬರೆಯಲು ಕೈ ಹಿಂಜರಿಯುತ್ತದೆ, ಏಕೆಂದರೆ ಸಿದ್ದಾಪುರ ಕಡೆಯ ಮನೆಗಳಲ್ಲಿ ಆ ದುಃಖ ಇನ್ನೂ ಹಸಿಯಾಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ಸು ಅದು. ಕಾಡಿನ ಉಣುಗಿನಿಂದ ಮಂಗನಿಗೆ, ಮನುಷ್ಯನಿಗೆ ಬರುತ್ತದೆ. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಉಣುಗಿನ ಎಳೆಯ ಹಂತ, ಒಣ ತಿಂಗಳುಗಳಲ್ಲಿ, ಒಣ ಎಲೆಯ ದರಕು ಒಟ್ಟುಮಾಡಲು, ಸೌದೆಗೆ ಹೋದಾಗ. ಎಲ್ಲಿ ಉಣುಗು ಹೆಚ್ಚಿದೆ ಎಂದು ತಿಳಿಯಲು ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಹತ್ತಿದ ಉಣುಗನ್ನು ಎಣಿಸಿ, ಜಾತಿ ಗುರುತಿಸುತ್ತಾರೆ. ವೈರಸ್ಸನ್ನು ಪತ್ತೆ ಮಾಡುವುದು ಪ್ರಯೋಗಾಲಯದ ಕೆಲಸ, ಆರ್‌ಟಿಪಿಸಿಆರ್ ಬಲ್ಲವರ ಕೆಲಸ. ಒಂದು ಉಣುಗನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳುವುದು ಪ್ರಾಣಿಶಾಸ್ತ್ರ ಓದಿದ ಕಣ್ಣಿನ ಕೆಲಸ. ಇಬ್ಬರೂ ಬೇಕು. ಎಲ್ಲರೂ ಒಂದೇ ಬದಿಗೆ ಹೋದರೆ ಕಾಡಿಗೆ ಬಟ್ಟೆ ಹಿಡಿದು ಹೋಗುವವರು ಯಾರು?

ಘಟ್ಟದ ಮೇಲಿನ ಎಷ್ಟೋ ತಾಯಂದಿರು ನನಗೆ ಹೇಳಿದ್ದಾರೆ: "ಪ್ರಾಣಿಶಾಸ್ತ್ರ ಬೇಡ, ಕಪ್ಪೆ ಕೊಯ್ಯಿಸುತ್ತಾರೆ." ಅವರ ಮನಸ್ಸಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಕಾಲ ಮುಗಿದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2011ರಲ್ಲೇ ಪ್ರಾಣಿಗಳನ್ನು ಕೊಯ್ಯುವುದನ್ನು ಕಡಿಮೆ ಮಾಡಲು ಸೂಚಿಸಿ, 2014ರಲ್ಲಿ ನಿಲ್ಲಿಸುವಂತೆ ಹೇಳಿತು. ಈ ಒಂದು ಮಾತನ್ನು ನಿಮ್ಮ ಕಾಲೇಜಿನ ಮಾಹಿತಿ ಪುಸ್ತಿಕೆಯಲ್ಲಿ ಕನ್ನಡದಲ್ಲಿ ಬರೆದರೆ ಎಷ್ಟು ಹೆಣ್ಣುಮಕ್ಕಳಿಗೆ ದಾರಿ ತೆರೆಯುತ್ತದೆ ಗೊತ್ತೇ?

ಇನ್ನು ಬಾಗಿಲುಗಳ ವಿಷಯ. ಯಾವ ಮುಖ್ಯ ವಿಷಯ ಯಾವ ಬಾಗಿಲನ್ನು ತೆರೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಯಾವುದನ್ನು ಮುಚ್ಚುತ್ತದೆ ಎಂದು ಯಾರೂ ಹೇಳುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಆಗಿರಬೇಕು. ಆ ಪಟ್ಟಿಯಲ್ಲಿ ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಎಂಬ ಹೆಸರುಗಳಿಲ್ಲ. ಅವುಗಳನ್ನು ಓದುವವರು ಜೊತೆಗೆ ರಸಾಯನಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಇಟ್ಟುಕೊಂಡರೆ ತೊಂದರೆಯಿಲ್ಲ. ಕಾಡಿನ ಜಿಲ್ಲೆಯ ಮಕ್ಕಳಿಗೆ ಇದನ್ನು ಪದವಿಯ ಕೊನೆಯ ವರ್ಷದಲ್ಲಲ್ಲ, ಮೊದಲ ದಿನವೇ ಹೇಳಬೇಕು. ಪ್ರೌಢಶಾಲೆಯಲ್ಲಿ ನಾನಿರುವ ಹುದ್ದೆಗೆ ಇಲಾಖೆಯಲ್ಲಿ ಸಿಬಿಝಡ್ ಎಂದೇ ಕರೆಯುತ್ತಾರೆ. ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಏನೇನು ಓದಿದ್ದೀರಿ ಎಂದು ನೋಡುತ್ತಾರೆ. ಎಂಎಸ್ಸಿ ಪ್ರವೇಶದಲ್ಲೂ ಹಾಗೆಯೇ.

ಜೀವವಿಜ್ಞಾನದ ಆಸಕ್ತಿಯಿದ್ದ ಎಷ್ಟೋ ಮಕ್ಕಳು ಬಿಎಸ್ಸಿ ಸೇರಿದ ಮೇಲೆ, ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ, ಅದಕ್ಕೆ ಸಿಇಟಿ ಮೂಲಕ ಹೋಗಬೇಕಿತ್ತು ಎಂದು ತಿಳಿದು ಪೇಚಾಡಿದ್ದನ್ನು ನೋಡಿದ್ದೇನೆ. ಮಂಗಳೂರಿನಲ್ಲಿ 1969ರಿಂದ ಇರುವ ಮೀನುಗಾರಿಕೆ ಕಾಲೇಜಿನ ವಿಷಯವೂ ಅಷ್ಟೇ. ಕೃಷಿಕರ ಮಕ್ಕಳಿಗೆ ಅಲ್ಲಿ ಮೀಸಲು ಸೀಟುಗಳಿವೆ, ಅದಕ್ಕೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇದೆ. ಗದ್ದೆಯಲ್ಲಿ ಬೆಳೆದ ಮಗುವಿನ ಕಣ್ಣಿಗೆ ಬೆಲೆ ಕೊಡುವ ಪರೀಕ್ಷೆ ಅದು, ನನಗೆ ಬಹಳ ಇಷ್ಟ. ಇತ್ತ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಕಡಲಿನಲ್ಲಿ ಪಂಜರ ಕಟ್ಟಿ ಮೀನು ಸಾಕುವುದನ್ನು ಅಲ್ಲಿಂದ ನಮ್ಮ ಮೀನುಗಾರರು ಕಲಿತಿದ್ದಾರೆ. ಬೈತಕೋಲದಲ್ಲಿ ಬೆಳೆದ ಹುಡುಗನೊಬ್ಬ ಆ ವಿಭಾಗದ ಎದುರಿನಿಂದಲೇ ಬಸ್ಸಿನಲ್ಲಿ ಓಡಾಡಿ, ಅದರೊಳಗೆ ಏನು ನಡೆಯುತ್ತದೆ ಎಂದು ತಿಳಿಯದೆ ಪದವಿ ಮುಗಿಸಬಾರದು.

ಪದ್ಧತಿ ಬದಲಾದದ್ದರಿಂದ ಆದ ಗೊಂದಲವೂ ಸಣ್ಣದಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಎರಡು ಮುಖ್ಯ ವಿಷಯಗಳು, ಬೇಕಿದ್ದರೆ ನಾಲ್ಕನೆಯ ವರ್ಷ ಎಂದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ. ಒಂದೇ ಮನೆಯ ಅಕ್ಕನಿಗೊಂದು ಲೆಕ್ಕ, ತಮ್ಮನಿಗೊಂದು ಲೆಕ್ಕ. ಅಕ್ಕ ಕೊಟ್ಟ ಸಲಹೆ ತಮ್ಮನಿಗೆ ನಡೆಯುವುದಿಲ್ಲ. ಇದರ ಸರಿತಪ್ಪನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ಆದರೆ ಮನೆಯಲ್ಲಿ ದಾರಿ ಹೇಳುವವರು ಇಲ್ಲದಂತಾದಾಗ ಕಾಲೇಜಿನ ಹೊಣೆ ಹೆಚ್ಚುತ್ತದೆ.

ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರಗಳನ್ನು ನಾನು ಕೀಳಾಗಿ ಕಾಣುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಚೆನ್ನಾಗಿ ಕಲಿಸಿದರೆ ಅವು ಮಕ್ಕಳನ್ನು ಬಹಳ ದೂರ ಕರೆದೊಯ್ಯುತ್ತವೆ. ಆದರೆ ಅವು ದುಬಾರಿ ವಿಷಯಗಳು. ಆಟೋಕ್ಲೇವ್ ಕೆಲಸ ಮಾಡುತ್ತಿರಬೇಕು, ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೂ ಫ್ರೀಜರಿನಲ್ಲಿಟ್ಟ ಕಿಣ್ವ ಉಳಿಯಬೇಕು. ಪಿಸಿಆರ್ ಯಂತ್ರದ ಚಿತ್ರವನ್ನು ಮೂರು ವರ್ಷ ಹಲಗೆಯ ಮೇಲೆ ನೋಡಿ, ಒಂದು ಸಲವೂ ಪಿಪೆಟ್ ಹಿಡಿಯದೆ ಪ್ರಮಾಣಪತ್ರ ಪಡೆದ ಹುಡುಗರು ನನಗೆ ಗೊತ್ತು. ಸಂದರ್ಶನದಲ್ಲಿ ಅವರಿಗಾದ ಅವಮಾನವೂ ಗೊತ್ತು. ನಿಮ್ಮಲ್ಲಿ ಪ್ರಯೋಗಾಲಯ ಸಜ್ಜಾಗಿದ್ದರೆ ಹೆಮ್ಮೆಯಿಂದ ತೋರಿಸಿ, ಮಕ್ಕಳು ಬಂದು ಮುಟ್ಟಿ ನೋಡಲಿ. ಸಜ್ಜಾಗಿಲ್ಲದಿದ್ದರೆ ಅದನ್ನೂ ಹೇಳಿ. ಅಳಿವೆ, ಅದರ ದಂಡೆಯ ಕಾಂಡ್ಲಾ ಗಿಡಗಳ ಕಾಡು, ಕಾನು ಇವಕ್ಕೆ ಕರೆಂಟು ಬೇಡ, ವರ್ಷಕ್ಕೊಮ್ಮೆ ಟೆಂಡರ್ ಕರೆಯಬೇಕಿಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಿದಿರಿನ ಅಧ್ಯಯನಕ್ಕೆಂದು ಬೆಂಗಳೂರಿನಿಂದ ಈ ಜಿಲ್ಲೆಗೆ ಬಂದರು. ದೊಡ್ಡ ಸಂಸ್ಥೆಗಳ ವಿದ್ವಾಂಸರು ಊರೂರು ದಾಟಿ ಬಂದು ನೋಡುವ ಜಾಗದಲ್ಲಿ ನಾವು ಹುಟ್ಟಿ ಬೆಳೆದಿದ್ದೇವೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು ಪ್ರಕಟವಾಯಿತು. ಈ ಗೌರವದ ಜೊತೆಗೆ ಕೆಲಸವೂ ಬಂದಿದೆ. ಬಳಚಿನ ಮರಿ ಯಾವ ತಿಂಗಳು ಎಲ್ಲಿ ನೆಲೆ ನಿಲ್ಲುತ್ತದೆ, ಮಳೆನೀರು ಹೆಚ್ಚಿ ಉಪ್ಪು ಇಳಿದಾಗ ಎಷ್ಟು ಸಾಯುತ್ತದೆ, ಮರಳು ತೆಗೆದ ಜಾಗಕ್ಕೆ ಮತ್ತೆ ಬರುತ್ತದೆಯೇ ಎಂದು ವರ್ಷಗಟ್ಟಲೆ ನೋಡುವವರು ಬೇಕು. ದಂಡೆಯಲ್ಲೇ ಮನೆಯಿರುವವರಿಗಿಂತ ಚೆನ್ನಾಗಿ ಅದನ್ನು ಯಾರು ಮಾಡಿಯಾರು?

ಹಾಗಾಗಿ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಪಿಯುಸಿ ಫಲಿತಾಂಶಕ್ಕೂ ಅರ್ಜಿ ತುಂಬುವುದಕ್ಕೂ ನಡುವೆ ಒಂದು ವಾರ ನಿಮ್ಮ ವಿಭಾಗಗಳ ಬಾಗಿಲು ತೆರೆದಿಡಿ. ಪ್ರತಿ ಪ್ರಯೋಗಾಲಯದಲ್ಲಿ ಮಕ್ಕಳು ಅರ್ಧ ದಿನ ಕುಳಿತು ಏನಾದರೊಂದನ್ನು ತಮ್ಮ ಕೈಯಿಂದ ಮಾಡಲಿ. ಒಂದು ದಿನ ಅಳಿವೆಗೋ ಕಾನಿಗೋ ಕರೆದುಕೊಂಡು ಹೋಗಿ. ಅರ್ಜಿ ತುಂಬುವ ದಿನಗಳಲ್ಲಿ ಕಾಲೇಜಿನಲ್ಲೇ ಎರಡು ಕಂಪ್ಯೂಟರ್ ಇಟ್ಟು, ಪಕ್ಕದಲ್ಲಿ ಒಬ್ಬ ಅಧ್ಯಾಪಕರು ಕೂರಲಿ. ಸೈಬರ್ ಅಂಗಡಿಯ ಹುಡುಗನ ತಲೆಯ ಮೇಲೆ ಆ ಭಾರ ಬೇಡ. ಯಾವ ಜೋಡಣೆ ಯಾವ ಎಂಎಸ್ಸಿಗೆ, ಯಾವ ಹುದ್ದೆಗೆ ನಡೆಯುತ್ತದೆ, ಯಾವುದಕ್ಕೆ ನಡೆಯುವುದಿಲ್ಲ ಎಂದು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಶುಲ್ಕ ಕಟ್ಟುವ ಕಿಟಕಿಯ ಪಕ್ಕ ಅಂಟಿಸಿ. ಪಾಠ ಆರಂಭವಾದ ಮೇಲೂ ಒಂದು ತಿಂಗಳಾದರೂ ವಿಷಯ ಬದಲಾಯಿಸಲು ಅವಕಾಶವಿರುವಂತೆ ವಿಶ್ವವಿದ್ಯಾಲಯಕ್ಕೆ ಎಲ್ಲರೂ ಸೇರಿ ಬರೆಯಿರಿ. ಮಕ್ಕಳು ಕಡಿಮೆ ಎಂಬ ಕಾರಣಕ್ಕೆ ಸಸ್ಯಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಮುಚ್ಚುವ ಯೋಚನೆ ಎಲ್ಲಿಯಾದರೂ ಇದ್ದರೆ, ಮೊದಲು ಮಕ್ಕಳಿಗೆ ಆ ವಿಷಯವನ್ನು ಒಮ್ಮೆ ತೋರಿಸಿ, ಆಮೇಲೆ ಎಣಿಸಿ.

ಇದರಲ್ಲಿ ನನ್ನ ಪಾಲಿನ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಮೇ ತಿಂಗಳ ಅಮಾವಾಸ್ಯೆಯ ಆಚೀಚೆ ಅಳಿವೆಯಲ್ಲಿ ಇಳಿತ ದೊಡ್ಡದಾಗಿರುತ್ತದೆ, ಮಳೆಯೂ ಇನ್ನೂ ಹಿಡಿದಿರುವುದಿಲ್ಲ. ಸುತ್ತಲಿನ ಊರುಗಳ ಮಕ್ಕಳನ್ನು ಒಟ್ಟುಗೂಡಿಸಿ ಕರೆತರುತ್ತೇನೆ. ನಿಮ್ಮ ಒಂದೊಂದು ವಿಭಾಗದಿಂದ ಒಬ್ಬೊಬ್ಬರು ಬಂದರೆ ಸಾಕು. ಸೂಕ್ಷ್ಮದರ್ಶಕ ಹೊರಲು ಹುಡುಗರಿದ್ದಾರೆ, ಇಡಲು ಶಾಲೆಯ ಜಗಲಿ ಇದೆ. ಬಳಚನ್ನು ನನ್ನ ತಾಯಿ ತೆಗೆದುಕೊಡುತ್ತಾರೆ. ಅವರಿಗೆ ಈಗ 72 ವರ್ಷ. ಕೆಸರಿನ ಮೇಲಿನ ಯಾವ ತೂತು ಬಳಚಿನದು, ಯಾವುದು ಏಡಿಯದು ಎಂದು ಈಗಲೂ ನಿಂತಲ್ಲಿಂದಲೇ ಹೇಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ಕುಮಟಾ ತಾಲ್ಲೂಕು, ಉತ್ತರ ಕನ್ನಡ